ಮದುವೆಗೆ ಮಾತ್ರ ಹಾಕುವ ಕಿವಿಮಿಷನ್ನು

ಕೆರಗೋಡಿನ ಮರಿಯಯ್ಯನ ಮನೆಯಲ್ಲಿ ಒಳ್ಳೆಯ ಸಾಮಾನೆಲ್ಲ ಬೀರುವಿನಲ್ಲಿರುತ್ತದೆ, ಕೆಟ್ಟದ್ದೆಲ್ಲ ಬಳಕೆಯಲ್ಲಿರುತ್ತದೆ. ಅವನ ರೇಷ್ಮೆ ಪಂಚೆ ಉಡುವ ಮೊದಲೇ ಮಡಿಕೆಯಲ್ಲಿ ಹರಿಯಿತು. ಮಗಳು ಕೊಡಿಸಿದ ಫ್ಲಾಸ್ಕಿನಿಂದ ಈವರೆಗೂ ಯಾರೂ ಒಂದು ಲೋಟ ಕಾಫಿ ಬಗ್ಗಿಸಿಕೊಂಡಿಲ್ಲ. ಹೋದ ವರ್ಷ ಅದೇ ಬೀರುವಿಗೆ ಅವನ ಕಿವಿಮಿಷನ್ನೂ ಸೇರಿತು. ಗಂಡನ ಈ ಜಾಣತನದ ಬಗ್ಗೆ ಚಿಕ್ಕನಂಜಮ್ಮನಿಗಿದ್ದ ತಾತ್ಸಾರಕ್ಕೆ ಅಳತೆಯೇ ಇರಲಿಲ್ಲ.

ಮಂಡ್ಯದ ಅಕ್ಕಿ ಗಿರಣಿಯೊಂದರಲ್ಲಿ ಮೂವತ್ತು ವರ್ಷ ಯಂತ್ರದ ಪಕ್ಕ ನಿಂತು ದುಡಿದ ಮನುಷ್ಯ ಮರಿಯಯ್ಯ. ಕಿವಿಗೆ ಏನಾದರೂ ಇಟ್ಟುಕೊ ಎಂದರೆ, ನಾನೇನು ಬಾಣಂತಿಯೇ ಎಂದು ನಗುತ್ತಿದ್ದ. ಮೊದಲು ಗುಬ್ಬಿಗಳ ದನಿ ಹೋಯಿತು, ಆಮೇಲೆ ಮಗಳ ಮಾತು, ಕೊನೆಗೆ ಹೆಂಡತಿಯ ಮಾತು. ಆದರೆ ಅವನ ಪ್ರಕಾರ ಕೆಟ್ಟದ್ದು ಅವನ ಕಿವಿಯಲ್ಲ. ಊರವರೆಲ್ಲ ಸೇರಿಕೊಂಡು ಬಾಯೊಳಗೇ ಗೊಣಗುವುದನ್ನು ಕಲಿತಿದ್ದರು, ಅಷ್ಟೆ!

ಮದ್ದೂರಿಗೆ ಕೊಟ್ಟಿದ್ದ ಮಗಳು ಪುಷ್ಪಾ ಹಟಹಿಡಿದು ಮಂಡ್ಯದಲ್ಲಿ ಕಿವಿ ತೋರಿಸಿ ಮಿಷನ್ನು ಕೊಡಿಸಿದಳು. ಅಲ್ಲಿದ್ದ ಹುಡುಗಿ ಎದುರಿಗೆ ಕೂತು ನಿಧಾನವಾಗಿ ಬಿಡಿಸಿ ಹೇಳಿದಳು. "ತಾತ, ಮೊದ್ಲು ಮನೇಲೇ ಹಾಕ್ಕೊಳ್ಳಿ, ದಿನಾ ಒಂದೆರಡು ಗಂಟೆ. ಅಜ್ಜಿ ಜೊತೆ ಎದುರುಬದುರು ಕೂತು ಮಾತಾಡಿ. ಮರೆತ ಸದ್ದನ್ನ ತಲೆ ಮತ್ತೆ ಕಲೀಬೇಕು, ಅದಕ್ಕೆ ತಿಂಗಳೇ ಬೇಕು. ಗದ್ದಲದ ಜಾಗಕ್ಕೆಲ್ಲ ಆಮೇಲೆ." ಮರಿಯಯ್ಯ ತಲೆಯಾಡಿಸಿದ. ಮನೆಗೆ ಬಂದವನೇ ಅದನ್ನು ಡಬ್ಬಿಗೆ ಹಾಕಿ ಬೀರುವಿನಲ್ಲಿಟ್ಟು ಬೀಗ ಜಡಿದ.

ಹೊರಬಂದದ್ದು ಬೆಳಕವಾಡಿಯ ಮದುವೆಯ ದಿನ. ವಾಲಗ, ಮೈಕು, ಪಾತ್ರೆ, ಮುನ್ನೂರು ಜನರ ಹರಟೆ ಎಲ್ಲ ಒಟ್ಟಿಗೇ ಕಿವಿಗೆ ಸುರಿದವು. ಕಿತ್ತು ಕರವಸ್ತ್ರದಲ್ಲಿ ಸುತ್ತಿಕೊಂಡು, "ದರಿದ್ರದ್ದು, ಯಾತಕ್ಕೂ ಬರಾಕಿಲ್ಲ" ಎಂದು ಬಂದು ಹೋದವರಿಗೆಲ್ಲ ಸಾರಿದ. ಆದರೂ ಪ್ರತಿ ಮದುವೆಗೂ ತಪ್ಪದೆ ಹಾಕಿಕೊಂಡು ಹೋಗುತ್ತಿದ್ದ. ಬೆಲೆಬಾಳುವ ವಸ್ತು ನೋಡಿ, ನಾಲ್ಕು ಜನರ ಕಣ್ಣಿಗೆ ಬೀಳಬೇಡವೇ?

ಮನೆಯಲ್ಲಿ ಮಾತ್ರ ಚಿಕ್ಕನಂಜಮ್ಮ ಕೂಗಬೇಕು. ಊಟಕ್ಕೆ ಬಾ. ಕರೆಂಟು ಬಂತು. ಮಾತ್ರೆ ನುಂಗು. ಬೀದಿಗೆಲ್ಲ ಕೇಳಿಸಬಹುದಾದ ಮಾತುಗಳಷ್ಟೇ ಅವರಿಬ್ಬರ ನಡುವೆ ಉಳಿದಿದ್ದವು. ಉಳಿದದ್ದನ್ನೆಲ್ಲ ಅವಳು ನುಂಗಿಕೊಳ್ಳುತ್ತಿದ್ದಳು.

ಸಂಕ್ರಾಂತಿ ಕಳೆದ ವಾರ ನೀರು ಹುಯ್ದುಕೊಳ್ಳುವಾಗ ಎಡ ಎದೆಯಲ್ಲಿ ಗಂಟೊಂದು ಅವಳ ಕೈಗೆ ಸಿಕ್ಕಿತು. ಸಾಯಂಕಾಲ ಜಗಲಿಯ ಮೇಲೆ ಗಂಡನ ಪಕ್ಕ ಕೂತು ಮೆಲ್ಲಗೆ ಬಾಯಿಬಿಟ್ಟಳು.

"ಆಂ? ಜೋರಾಗ್ ಯೋಳಮ್ಮಿ. ಬಾಯೊಳ್ಗೇ ಏನ್ ಮುಕ್ಳುಸ್ತಿದ್ದೀಯ?"

ಎದುರು ಜಗಲಿಯಲ್ಲಿ ಹೊಂಬಾಳಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಕೈ ಕಾಯಿಯ ಮೇಲಿತ್ತು, ಗಮನವೆಲ್ಲ ಇತ್ತಲೇ ಇತ್ತು.

"ಒಳಿಕ್ ಬಾ. ಆ ಮಿಷನ್ನಾದ್ರೂ ಆಕೊ" ಎಂದು ಚಿಕ್ಕನಂಜಮ್ಮ ಕಿವಿಯ ಹತ್ತಿರ ಕೈಸನ್ನೆ ಮಾಡಿದಳು.

"ಮನೇಲ್ ಯಾಕಮ್ಮಿ? ಸುಮ್ನೆ ಸವ್ದೋಯ್ತದೆ. ಬರೋ ತಿಂಗ್ಳು ಮದ್ದೂರಲ್ಲಿ ಮದ್ವೆ ಅದಲ್ಲ, ಅವತ್ತು ಆಕತೀನಿ."

ಅವಳಿಗೆ ಅಳು ಬರಲಿಲ್ಲ, ಹೇಸಿಗೆಯಾಯಿತು. ನಲವತ್ತು ವರ್ಷ ಬಾಳಿದ ಹೆಂಡತಿಗಿಂತ ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ಕು ಸವೆಯುವ ಚಿಂತೆ ಇವನಿಗೆ! "ಏನಿಲ್ಲ, ಕಾಪಿ ಕುಡೀತೀಯಾ ಅಂದೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಎದ್ದುಹೋದಳು.

ಪುಷ್ಪಾಳಿಗೆ ಹುಷಾರಿಲ್ಲ ಎಂದು ಹೇಳಿ ಮದ್ದೂರಿಗೆ ಹೋದಳು. ಮಗಳ ಜೊತೆ ಆಸ್ಪತ್ರೆಗೆ ಅಲೆದಳು, ಗಂಟು ತೆಗೆಸಿದಳು, ಹತ್ತು ದಿನ ಅಲ್ಲೇ ಮಲಗಿದ್ದಳು. ಕೆಟ್ಟ ಗಂಟಲ್ಲ ಎಂದು ರಿಪೋರ್ಟು ಬಂದಾಗ ತಾಯಿ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಊರಿಗೆ ಬಂದು ಸೆರಗು ಬಿಗಿಯಾಗಿ ಹೊದ್ದು ಎಂದಿನಂತೆ ಒಲೆ ಹಚ್ಚಿದಳು. ಊರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮರಿಯಯ್ಯನಿಗಂತೂ ಹೆಂಡತಿ ಸೊರಗಿದ್ದೂ ಕಾಣಲಿಲ್ಲ.

ಮದ್ದೂರಿನ ಮದುವೆಗೆ ಅವನೊಬ್ಬನೇ ಹೋದ, ಕಿವಿಗೆ ಮಿಷನ್ನು ಸಿಕ್ಕಿಸಿಕೊಂಡು. ಮಧ್ಯಾಹ್ನ ಪುಷ್ಪಾಳ ಫೋನು ಬಂತು.

"ಅವ್ವಾ, ಊಟಕ್ಕೆ ಕೂತಾಗ ನಮ್ಮಾವ ಅಪ್ಪನ್ ಕಿವಿ ಪಕ್ಕದಲ್ಲೇ ಕೇಳ್ಬುಟ್ರು, ಬೀಗಿತ್ತಿ ಎದೆ ಗಾಯ ಮಾಯ್ತಾ ಅಂತ. ಅಪ್ಪ ಎಲೆ ಬುಟ್ಟು ಎದ್ದ್ ಬತ್ತಾವ್ನೆ."

ಚಿಕ್ಕನಂಜಮ್ಮ ಫೋನು ಕೆಳಗಿಟ್ಟಳು. ಗೊತ್ತಾದದ್ದು ಒಳ್ಳೆಯದೇ ಆಯಿತೇನೋ, ಒಳಗೆ ಬಂದು ಕೂತರೆ ಎಲ್ಲ ಹೇಳಿಬಿಡೋಣ ಎಂದುಕೊಂಡಳು. ಮುಖ ತೊಳೆದು ಬಾಗಿಲಲ್ಲಿ ನಿಂತಳು.

ಮರಿಯಯ್ಯ ಬಸ್ಸಿಳಿದು, ಕಿವಿಯಲ್ಲಿದ್ದ ಮಿಷನ್ನನ್ನೂ ಕೀಳದೆ, ದಾಪುಗಾಲು ಹಾಕುತ್ತ ಬಂದ. ಹೊಸ್ತಿಲವರೆಗೂ ತಾಳಲಿಲ್ಲ. ನಡುಬೀದಿಯಲ್ಲೇ ನಿಂತು, ಗಿರಣಿಯ ಗದ್ದಲದಲ್ಲಿ ಕೂಗಿ ಕೂಗಿ ಪಳಗಿದ ಗಂಟಲಿನಲ್ಲಿ ಅರಚಿದ.

"ಎದೆ ಗಂಟು ಕುಯ್ಸ್ಕಂಡು ಬಂದಿದ್ದೀಯಲ್ಲಮ್ಮಿ! ಕಟ್ಕಂಡ್ ಗಂಡ ನಾನು, ನಂಗೊಂದ್ ಮಾತು ಯೋಳ್ಬಾರ್ದಾ?"

ಹೊಂಬಾಳಮ್ಮ ಮೊರ ಕೆಳಗಿಟ್ಟು ಎದ್ದು ನಿಂತಳು. ಪಕ್ಕದ ಮನೆಯ ಕಿಟಕಿ ತೆರೆಯಿತು. ಒಂದು ತಿಂಗಳು ನೋವು ಕಚ್ಚಿಕೊಂಡು ಮುಚ್ಚಿಟ್ಟದ್ದು ಒಂದೇ ಕೂಗಿಗೆ ಬೀದಿಪಾಲಾಯಿತು. ಚಿಕ್ಕನಂಜಮ್ಮ ಮೆಟ್ಟಿಲಿಳಿದು ಅವನ ಎದುರಿಗೆ ಬಂದು ನಿಂತಳು. ದನಿ ಎತ್ತಲಿಲ್ಲ.

"ನಿಂಗ್ ಯೋಳಿದ್ರೆ ಬೀದಿಗೇ ಯೋಳ್ದಂಗೆ ಅಂತ ಸುಮ್ಕಿದ್ದೆ. ಈಗ ನೀನೇ ಯೋಳ್ದೆ."

ಮರಿಯಯ್ಯನಿಗೆ ಒಂದೊಂದು ಅಕ್ಷರವೂ ಕೇಳಿಸಿತು.