ಅಕ್ಕನ ಕ್ಷಮಾಪಣೆ ಫೈಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಪತ್ರಿಕೆಗೆ ವಕೀಲರಿಂದ ಬಂದ ಮೂರನೆಯ ನೋಟಿಸಿಗೆ ಕಾರಣ ನಾನೇ. ಸರಿಯಾಗಿ ಹೇಳಬೇಕೆಂದರೆ, ನನ್ನ ಗಂಟಲು.

ಅದು ನೆನಪಾದದ್ದು ಹೋದ ವಾರ, ಪುಚೊಂಗಿನಲ್ಲಿ ಮಲಯರ ನಾಸಿ ಲೆಮಾಕ್ ಊಟದ ಪೊಟ್ಟಣ ಬಿಚ್ಚುವಾಗ. ಒಳಗೆ ಬಾಳೆಲೆ, ಹೊರಗೆ ಹಳೆಯ ಪೇಪರು. ತೆಂಗಿನಹಾಲಿನ ಅನ್ನದ ಬಿಸಿಗೆ ಅಚ್ಚಿನ ಮಸಿಯ ವಾಸನೆ ಎದ್ದಿತು. ನೋಡಿದರೆ ನಮ್ಮದೇ ಪತ್ರಿಕೆ! ಮುಚ್ಚಿ ಇಷ್ಟು ಕಾಲವಾದರೂ ಅಂಗಡಿಯವಳ ಬಳಿ ಒಂದು ಕಟ್ಟು ಉಳಿದಿತ್ತು. ನನ್ನ ವರದಿ ಇದ್ದೀತೆಂಬ ಆಸೆಯಿಂದ ಖಾರದ ಎಣ್ಣೆ ಒರೆಸಿ ನೋಡಿದೆ. ರಾಶಿಭವಿಷ್ಯ. ಅದನ್ನೂ ಕೆಲವು ವಾರ ನಾನೇ ಬರೆದಿದ್ದೆ ಅನ್ನುವುದು ಬೇರೆ ಮಾತು…

ಅದೊಂದು ಪುಟ್ಟ ಇಂಗ್ಲಿಷ್ ಟ್ಯಾಬ್ಲಾಯ್ಡ್. ಪೆಟಾಲಿಂಗ್ ಜಯಾದಲ್ಲಿ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕಚೇರಿ. ಬೆಳಿಗ್ಗೆ ಎಲ್‌ಆರ್‌ಟಿ ರೈಲು ನಿಲ್ದಾಣಗಳಲ್ಲಿ ಪುಕ್ಕಟೆ ಹಂಚಿಕೆ. ಅಲ್ಲಿ ಕನ್ನಡ ಬರುತ್ತಿದ್ದವರು ಇಬ್ಬರೇ. ಚಿಕ್ಕಂದಿನಲ್ಲೇ ಮೈಸೂರಿನಿಂದ ಅಪ್ಪ ಅಮ್ಮನ ಜೊತೆ ಬಂದ ನಾನು, ಮತ್ತು ಉಡುಪಿಯ ಅಕ್ಕ. ಅವರ ಗಂಡ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಅಕ್ಕ ಮುಖ್ಯ ಉಪಸಂಪಾದಕಿ. ಅವರ ಸಹಿ ಬೀಳದೆ ಒಂದು ಪುಟವೂ ಅಚ್ಚಿಗೆ ಹೋಗುತ್ತಿರಲಿಲ್ಲ.

ಅವರ ಮೇಜಿನ ಮೇಲೊಂದು ಹಸಿರು ಫೈಲು. ಪತ್ರಿಕೆ ಹುಟ್ಟಿದಂದಿನಿಂದ ಪ್ರಕಟಿಸಿದ ಕ್ಷಮಾಪಣೆಗಳನ್ನೆಲ್ಲ ಕತ್ತರಿಸಿ ಅದರಲ್ಲಿ ಅಂಟಿಸಿಟ್ಟಿದ್ದರು. ಹೊಸಬರು ಮೊದಲ ದಿನ ಎಲ್ಲರೆದುರು ನಿಂತು ಅದನ್ನು ಗಟ್ಟಿಯಾಗಿ ಓದಬೇಕು. "ನಮ್ಮ ಪೇಪರಿನ ಚರಿತ್ರೆ ಇದೇ ಮಾರಾಯ, ಉಳಿದದ್ದೆಲ್ಲ ಜಾಹೀರಾತು" ಎನ್ನುತ್ತಿದ್ದರು.

ಹೆಚ್ಚಿನವು ಸಣ್ಣ ತಪ್ಪುಗಳು: ಬದುಕಿದ್ದವರನ್ನು ದಿವಂಗತ ಎಂದದ್ದು, ಇಂಥವು. ವಕೀಲರ ನೋಟಿಸು ಬಂದದ್ದು ಎರಡಕ್ಕೆ. ಒಮ್ಮೆ, ಪರವಾನಗಿ ಇಲ್ಲದ ಅಂಗಡಿಗಳ ಸುದ್ದಿಗೆ ಪರವಾನಗಿ ಇದ್ದವನ ಫೋಟೋ ಹಾಕಿದ್ದರು. ಇನ್ನೊಮ್ಮೆ, ಬರೀ ಆರೋಪ ಹೊತ್ತಿದ್ದ ಗುತ್ತಿಗೆದಾರನನ್ನು ಶೀರ್ಷಿಕೆಯಲ್ಲೇ ಅಪರಾಧಿ ಮಾಡಿಬಿಟ್ಟಿದ್ದರು. ಅದು ಕೋರ್ಟಿಗೇ ಹೋಯಿತು. ಕೇಸು ನಡೆದಷ್ಟು ಕಾಲ ಜಾಹೀರಾತಿನವರು ಹತ್ತಿರ ಸುಳಿಯಲಿಲ್ಲವಂತೆ. ಇನ್ನೊಮ್ಮೆ ಕೋರ್ಟು ಹತ್ತಿಸಿದರೆ ಪತ್ರಿಕೆಗೆ ಬೀಗ ಹಾಕುತ್ತೇನೆ ಎಂದು ಮಾಲೀಕರು ಹೇಳಿಬಿಟ್ಟಿದ್ದರು.

ನಾನು ಫೈಲು ಓದಿದ್ದು ಒಂದೊಂದು ಕ್ಷಮಾಪಣೆಗೆ ಒಂದೊಂದು ದನಿಯಲ್ಲಿ: ವಕೀಲರದ್ದು, ಅಂಗಡಿಯವನದ್ದು, ನಡುನಡುವೆ ಮಾಲೀಕರ ಕೆಮ್ಮು. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಚಂದ ಆಯ್ತು. ತಲೆಗೆ ಹೋಯ್ತಾ?" ಎಂದರು ಅಕ್ಕ.

ಹೋಗಿರಲಿಲ್ಲ.

ಪುಚೊಂಗಿನ ಒಂದು ಅಪಾರ್ಟ್‌ಮೆಂಟಿನಲ್ಲಿ ತಿಂಗಳುಗಟ್ಟಲೆ ಲಿಫ್ಟ್ ಕೆಟ್ಟಿತ್ತು. ಮುದುಕರು ಮಹಡಿ ಹತ್ತಲಾಗದೆ ಮನೆಯಲ್ಲೇ ಕೂತಿದ್ದರು. ನಾನು ವರದಿ ಬರೆದೆ, ನಿರ್ವಹಣಾ ಸಂಸ್ಥೆಯ ಅಧ್ಯಕ್ಷರಿಗೆ ಫೋನನ್ನೂ ಮಾಡಿದೆ. "ಬಿಡಿಭಾಗ ಬರಬೇಕು" ಎಂದಷ್ಟೇ ಹೇಳಿ ಇಟ್ಟರು. ಪುಟದ ನಡುವೆ ಅವರ ಫೋಟೋ, ಪಕ್ಕದಲ್ಲಿ ಅವರ ಮಾತಿಗೊಂದು ದೊಡ್ಡಕ್ಷರದ ಚೌಕ. ಅಂಥ ಚೌಕದಲ್ಲಿ ನಿಜವಾದ ಮಾತು ಬರುವವರೆಗೆ ಏನಾದರೂ ಸಾಲು ತುಂಬಿಸಿಡುವುದು ವಾಡಿಕೆ. ಪುಟ ಕಟ್ಟುವ ಚೀನೀ ಅಂಕಲ್‌ನನ್ನು ನಗಿಸಲೆಂದು ನಾನು, ಅಲ್ಲಿಯವರು ಮಾತಿನ ಬಾಲಕ್ಕೆ ಹಚ್ಚುವ 'ಲಾ' ಸೇರಿಸಿ, ಹೀಗೆ ತುಂಬಿಸಿದೆ: "ಮೆಟ್ಟಿಲು ಹತ್ತಿ ಲಾ, ಹೊಟ್ಟೆ ಕರಗುತ್ತದೆ!"

ತುಂಬಿಸಿದ ಸಾಲುಗಳನ್ನೆಲ್ಲ ತೆಗೆದಾದ ಮೇಲೆ ಅಂಕಲ್ ತನ್ನ ಮೂಲೆಯಿಂದ "ಕ್ಲೀನ್ ಲಾ!" ಎಂದು ಕೂಗಬೇಕು, ಆಗ ಅಕ್ಕನ ಸಹಿ. ವರದಿಯನ್ನು ಅಕ್ಷರ ಬಿಡದೆ ಓದಿದ್ದ ಅಕ್ಕ ಆ ಕೂಗಿಗೆ ಕಾಯುತ್ತಿದ್ದರು. ಅಂಕಲ್ ಕಾಫಿಗೆ ಹೋಗಿದ್ದ. ನಾನು ಮರೆಯಲ್ಲಿ ನಿಂತು, ಅವನದೇ ದನಿಯಲ್ಲಿ ಕೂಗಿದೆ. ಅಕ್ಕ ತಲೆಯೆತ್ತಿ ನೋಡಿ ಬೈಯುತ್ತಾರೆ ಎಂದುಕೊಂಡಿದ್ದೆ. ಅಷ್ಟರಲ್ಲಿ ನನಗೆ ಫೋನು ಬಂತು, ಮಾತಾಡುತ್ತ ಹೊರಗೆ ಹೋದೆ…

ಅನುಕರಣೆ ಅಷ್ಟು ಚೆನ್ನಾಗಿತ್ತು. ಸಹಿ ಬಿತ್ತು. ಬೆಳಿಗ್ಗೆ ನನ್ನ ಸಾಲು ಅಧ್ಯಕ್ಷರ ಮಾತಾಗಿ ಅಚ್ಚಾಗಿತ್ತು.

ಮೂರನೆಯ ದಿನ ನೋಟಿಸು. ಮೊದಲ ಪುಟದಲ್ಲಿ ಕ್ಷಮೆ ಕೇಳಬೇಕು, ಬರೆದವನ ಹೆಸರು ಹೇಳಬೇಕು, ಇಲ್ಲವಾದರೆ ಕೋರ್ಟು. ಅಧ್ಯಕ್ಷರು ವಕೀಲರ ಜೊತೆ ಕಚೇರಿಗೇ ಬಂದರು. ಮಾಲೀಕರು ಬೆವರುತ್ತಿದ್ದರು. ಒಪ್ಪಿಕೊಳ್ಳೋಣವೆಂದು ನಾನು ಎದ್ದುನಿಂತೆ. ಹತ್ತಾರು ಜನರ ದನಿ ಇಟ್ಟುಕೊಂಡಿದ್ದ ಗಂಟಲಿನಿಂದ ನನ್ನ ದನಿ ಮಾತ್ರ ಹೊರಡಲಿಲ್ಲ.

"ಕೂತ್ಕೋ ಮಾರಾಯ" ಎಂದು ಕನ್ನಡದಲ್ಲಿ ಗದರಿ, ಅಕ್ಕ ಆ ಪುಟದ ಪ್ರತಿಯನ್ನು ಮೇಜಿನ ಮೇಲಿಟ್ಟರು. "ಸಹಿ ನನ್ನದು. ಬೇರೆ ಹೆಸರು ಸಿಗುವುದಿಲ್ಲ."

"ನಾನು ಇಂಥ ಮಾತು ಆಡೇ ಇಲ್ಲ! ಅದು ಮೊದಲ ಪುಟದಲ್ಲಿ ಬರಬೇಕು!" ಎಂದು ಅಧ್ಯಕ್ಷರು ಮೇಜು ಗುದ್ದಿದರು.

ಅದಕ್ಕೆ ಅಕ್ಕ ಕೊಟ್ಟದ್ದು ಒಂದೇ ಉತ್ತರ. ವಕೀಲರು ಚೀಲದೊಳಗೆ ಏನನ್ನೋ ಹುಡುಕತೊಡಗಿದರು. ಕ್ಷಮಾಪಣೆಯ ಒಕ್ಕಣೆ ಅಲ್ಲೇ ಒಪ್ಪಿತವಾಯಿತು. ಬರೆದವನ ಹೆಸರನ್ನು ಆಮೇಲೆ ಯಾರೂ ಕೇಳಲಿಲ್ಲ, ಕೋರ್ಟಿನ ಮಾತೂ ಬರಲಿಲ್ಲ.

ಕ್ಷಮಾಪಣೆ ಪ್ರಕಟವಾದ ದಿನ ಅಕ್ಕ ಕತ್ತರಿ, ಗೋಂದು, ಫೈಲು ನನ್ನ ಮುಂದಿಟ್ಟರು. ಅಂಟಿಸಿದೆ. "ಈಗ ಓದು. ನಿನ್ನ ಸ್ವಂತ ದನಿಯಲ್ಲಿ." ಓದಿದೆ. ಯಾರೂ ನಗಲಿಲ್ಲ. ಆ ವಾರವೇ ಮಾಲೀಕರು ಪುಟಕ್ಕೆ ಸಹಿ ಹಾಕುವ ಅಧಿಕಾರವನ್ನು ಅಕ್ಕನಿಂದ ಕಿತ್ತುಕೊಂಡರು. ಅದಕ್ಕಾಗಿ ಅಕ್ಕ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು.

ಆಮೇಲೆ ರೈಲಿನಲ್ಲಿ ಎಲ್ಲರೂ ಫೋನು ನೋಡತೊಡಗಿದರು, ಪತ್ರಿಕೆ ಯಾವ ಕೇಸೂ ಇಲ್ಲದೆ ತಾನಾಗಿ ಮುಚ್ಚಿತು. ಅಕ್ಕ ಉಡುಪಿಗೆ ಮರಳಿದರು. ತೀರಿಕೊಂಡ ಸುದ್ದಿ ಹೋದ ವರ್ಷ ವಾಟ್ಸಾಪಿನಲ್ಲಿ ಬಂತು. ಹಸಿರು ಫೈಲು ಎಲ್ಲಿ ಹೋಯಿತೋ…

ಎಣ್ಣೆ ಮೆತ್ತಿದ ಪೇಪರು ಮಡಚುತ್ತ, ಅಕ್ಕನ ದನಿಯನ್ನು ಒಮ್ಮೆ ಅನುಕರಿಸಲು ನೋಡಿದೆ. ಅಂಗಡಿಯವಳು ವಿಚಿತ್ರವಾಗಿ ನೋಡಿದಳು. ಬರಲಿಲ್ಲ, ಅದೊಂದು ದನಿ ನನಗೆ ಯಾವತ್ತೂ ಬಂದದ್ದಿಲ್ಲ. ಮಾತು ಮಾತ್ರ ನೆನಪಿದೆ. ಅವರು ಅಂದು ಅಧ್ಯಕ್ಷರಿಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವರ ಕನ್ನಡದಲ್ಲೇ ಬರೆಯುತ್ತೇನೆ:

"ನೀವು ಹಾಗೆ ಹೇಳ್ಲಿಲ್ಲ ಅಂತ ನಾಳೆಯೇ ಹಾಕ್ತೇವೆ, ಸರ್. ಲಿಫ್ಟ್ ಸರಿಯಾಯ್ತು ಅಂತ ಯಾವತ್ತು ಹಾಕ್ಬೇಕು?"