ಏನೂ ಆಗದ ದಿನದ ಕಾಗದ

ನಾನು ಬರೆದದ್ದನ್ನು ಓದಿದವರೆಲ್ಲ ಅತ್ತಿದ್ದಾರೆ. ಹೆಮ್ಮೆಗೆ ಹೇಳುತ್ತಿಲ್ಲ, ನಾನು ಬರೆಯುತ್ತಿದ್ದುದೇ ಸಾವಿನ ಕಾಗದ. ಬಾಳೂರಿನ ನಮ್ಮ ಸುತ್ತಿನ ಹತ್ತು ಹದಿನೈದು ಮನೆಗಳಲ್ಲಿ ಯಾರಾದರೂ ಹೋದರೆ ಮಾರನೇ ದಿನ ಆ ಮನೆಯವರು ಇನ್‌ಲ್ಯಾಂಡ್ ಲೆಟರಿನ ಕಟ್ಟು ಹಿಡಿದು ನಮ್ಮ ಜಗಲಿಗೆ ಬರುತ್ತಿದ್ದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಅಕ್ಷರ ಗುಂಡಗಿತ್ತು, ನಮ್ಮ ಮೇಷ್ಟ್ರು ಕೈ ಹಿಡಿದು ತಿದ್ದಿಸಿದ್ದರು. ಅದು ಇಂಥ ಉಪಯೋಗಕ್ಕೆ ಬರುತ್ತದೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಈಗ ಹತ್ತು ವರ್ಷದ ಮೊಮ್ಮಗಳು ಬಂದು, ಚೆನ್ನಾಗಿ ಬರೆಯುವುದು ಹೇಗೆ ಅಜ್ಜಿ ಎಂದು ಕೇಳಿದ್ದಾಳೆ. ಸ್ಕೂಲಿನ ಟೀಚರನ್ನು ಬಿಟ್ಟು ನನ್ನನ್ನು ಕೇಳಿದಳಲ್ಲ ಎನ್ನುವ ಸಂತೋಷಕ್ಕೆ ಅವತ್ತು ನನಗೆ ಊಟವೇ ಸೇರಲಿಲ್ಲ. ಗೊತ್ತಿರುವುದನ್ನೆಲ್ಲ ಅವಳ ಮಡಿಲಿಗೆ ಸುರಿದುಬಿಡೋಣ ಅನ್ನಿಸಿತು. ಸುರಿಯಲು ಹೋದರೆ, ನನ್ನಲ್ಲಿ ಇರುವುದೆಲ್ಲ ಸತ್ತವರ ಮನೆಯಲ್ಲಿ ಕಲಿತದ್ದು.

ಸಾವನ್ನು ನಾನು ಎಂದೂ ಕಾರ್ಡಿನಲ್ಲಿ ಬರೆದವಳಲ್ಲ. ಕಾರ್ಡು ಕೈಗೆ ಬಂದ ಕೂಡಲೇ ಸುದ್ದಿ ಕಣ್ಣಿಗೆ ಹೊಡೆಯುತ್ತದೆ. ಇನ್‌ಲ್ಯಾಂಡ್ ಆದರೆ ಅಂಟು ಬಿಡಿಸಬೇಕು, ಮಡಿಕೆ ತೆಗೆಯಬೇಕು. ಅಷ್ಟರಲ್ಲಿ ಓದುವವರು ಎಲ್ಲಾದರೂ ಕೂತುಕೊಳ್ಳುತ್ತಾರೆ. ದೊಡ್ಡ ಮಾತು ಬರೆಯಬಾರದು. ಅಪಾರ ದುಃಖ ಎಂದು ಬರೆದರೆ ಯಾರೂ ಅಳುವುದಿಲ್ಲ, ಬೆಳಿಗ್ಗೆ ಎರಡು ಕಡುಬು ತಿಂದಿದ್ದರು ಎಂದರೆ ಅಳುತ್ತಾರೆ. ಒಮ್ಮೆ ಪಕ್ಕದ ಮನೆಯ ಯಜಮಾನರು ತೀರಿಕೊಂಡಾಗ ಹೀಗೇ ಬರೆದಿದ್ದೆ. ಅವರ ಹೆಂಡತಿ ಅಳು ನಿಲ್ಲಿಸಿ, "ಕಡುಬು ತೆಗಿ ಮಾರಾಯ್ತಿ. ಸಕ್ಕರೆ ಕಾಯಿಲೆಯವರಿಗೆ ಕಡುಬು ತಿನ್ಸಿ ಕೊಂದ್ಲು ಅಂತಾಳೆ ನನ್ನ ನಾದಿನಿ," ಎಂದರು. ತೆಗೆದೆ. ಏನನ್ನು ಬಿಡಬೇಕು ಎನ್ನುವುದೂ ಬರವಣಿಗೆಯಲ್ಲೇ ಸೇರಿದೆ ಎಂದು ಅವತ್ತು ತಿಳಿಯಿತು.

ನಮ್ಮ ಕಡೆ ಸಾವಿನ ಕಾಗದವನ್ನು ಮನೆಯೊಳಗೆ ತರುವುದಿಲ್ಲ. ಅಂಗಳದಲ್ಲೇ ಓದಿ, ಹರಿದು ಹಾಕಿ, ತಲೆಗೆ ನೀರು ಹೊಯ್ದುಕೊಂಡು ಒಳಗೆ ಬರುತ್ತಾರೆ. ಶುಭದ ಕಾಗದಕ್ಕಾದರೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿರುತ್ತದೆ. ಓದು ಬಾರದವರಿಗೂ ನೋಡಿದರೆ ಸಾಕು, ಗೊತ್ತಾಗುತ್ತದೆ. ಅಂದರೆ ನಾನು ಅಷ್ಟು ವರ್ಷ ಬರೆದದ್ದರಲ್ಲಿ ಒಂದು ಚೂರೂ ಯಾರ ಮನೆಯಲ್ಲೂ ಉಳಿದಿಲ್ಲ. ಹರಿದು ಹಾಕಲೆಂದೇ ಬರೆದವಳು ನಾನು.

ವಸ್ತಾರೆಗೆ ಕೊಟ್ಟಿದ್ದ ನನ್ನ ಅಕ್ಕನಿಗೆ ಓದು ಬಾರದು. ಆ ವರ್ಷಗಳಲ್ಲಿ ಅವಳಿಗೆ ನನ್ನಿಂದ ಹೋದ ಕಾಗದ ನಾಲ್ಕೇ. ದೊಡ್ಡಪ್ಪ ಹೋದದ್ದು, ಸೋದರತ್ತೆ ಹೋದದ್ದು, ಚಿಕ್ಕಮ್ಮ ಹೋದದ್ದು. ನಾಲ್ಕನೆಯದು ನನ್ನ ಮಗಳು ಶೋಭಳ ಮೊದಲ ಕೂಸು ಹೊಟ್ಟೆಯಲ್ಲೇ ಹೋದದ್ದು. ಎಲ್ಲ ಸರಿಯಿದ್ದಾಗ ಬರೆಯಲು ಏನಿರುತ್ತದೆ ಎಂದುಕೊಂಡಿದ್ದೆ.

ಎರಡು ವರ್ಷ ಕಳೆದು ಶೋಭ ಮತ್ತೆ ಬಸುರಿಯಾಗಿ ನಮ್ಮ ಮನೆಗೆ ಬಂದಳು. ಒಂಬತ್ತು ತಿಂಗಳೂ ನಾನು ಉಸಿರು ಹಿಡಿದುಕೊಂಡೇ ಇದ್ದೆ. ಹೆಣ್ಣು ಕೂಸು ಹುಟ್ಟಿ ಗಟ್ಟಿಯಾಗಿ ಅತ್ತಾಗ ನನಗೆ ಹುಚ್ಚೇ ಹಿಡಿದಂತಾಯಿತು. ಫೋನು ಆಗ ದೊಡ್ಡ ಎಸ್ಟೇಟಿನ ಬಂಗಲೆಗಳಲ್ಲಿ ಮಾತ್ರ. ಮನೆಯಲ್ಲಿದ್ದ ಇನ್‌ಲ್ಯಾಂಡ್ ತೆಗೆದು ಅಕ್ಕನಿಗೆ ನಾಲ್ಕು ಸಾಲು ಗೀಚಿ, ಮೂಡಿಗೆರೆಗೆ ಹೊರಟಿದ್ದ ಜೀಪಿನವರ ಕೈಗೆ ಕೊಟ್ಟೆ. ಅರಿಶಿನ ಹಚ್ಚುವುದು ಮರೆತೇಹೋಯಿತು.

ಕಾಗದ ಸೇರಿದಾಗ ಅಕ್ಕನ ಮಗ, ಸೊಸೆ ಗದ್ದೆಯಲ್ಲಿದ್ದರಂತೆ. ಅಕ್ಕ ನನ್ನ ಗುಂಡು ಅಕ್ಷರ ನೋಡಿದಳು, ಅರಿಶಿನವಿಲ್ಲದ ಮೂಲೆ ನೋಡಿದಳು. ಬಿಡಿಸಲೂ ಇಲ್ಲ. ಅದನ್ನು ಹೊರಗಿನ ಹೆಂಚಿನ ಸಂದಿಗೆ ಸಿಕ್ಕಿಸಿ, ತಲೆಗೆ ನೀರು ಹೊಯ್ದುಕೊಂಡು, ಸಿಕ್ಕಿದ ಬಸ್ಸು ಹತ್ತಿದಳು.

ನಾನು ಬಾಣಂತಿಯ ನೀರಿನ ಹಂಡೆಗೆ ಬೆಂಕಿ ಹಾಕುತ್ತಿದ್ದೆ. ತಲೆ ಎತ್ತಿದರೆ ಅಂಗಳದ ತುದಿಯಲ್ಲಿ ಅಕ್ಕ, ಒದ್ದೆ ಕೂದಲು, ಬರಿಗಾಲು. ಸುದ್ದಿ ಕೇಳಿ ಓಡಿ ಬಂದಿದ್ದಾಳೆಂದು ಹಿಗ್ಗಿ ಒಳಗೆ ಕರೆದೆ. ಅವಳು ಅಲ್ಲಿಂದ ಕದಲಲಿಲ್ಲ.

"ಎತ್ತಿಬಿಟ್ರಾ?" ಎಂದಳು.

"ಏನನ್ನ?"

"ಶೋಭನ್ನ. ನಂಗೆ ಮುಖನೂ ತೋರಿಸ್ಲಿಲ್ವಲ್ಲೇ ನೀನು."

ಒಳಗೆ ಕೂಸು ಅಳಲು ಶುರುಮಾಡಿತು. ಅಕ್ಕ ಅದನ್ನು ಕೇಳಿಸಿಕೊಂಡು, "ಅದೊಂದಾದ್ರೂ ಉಳೀತಾ," ಎಂದಳು.

"ಇಬ್ರೂ ಇದಾರೆ ಅಕ್ಕ," ಎಂದೆ. ಮೂರು ಸಲ ಹೇಳಬೇಕಾಯಿತು. ಮಾತು ಕೇಳಿ ಶೋಭ ತಲೆಗೆ ಬಟ್ಟೆ ಕಟ್ಟಿಕೊಂಡೇ ಬಾಗಿಲಿಗೆ ಬಂದು, ದೊಡ್ಡಮ್ಮ ಎಂದಳು. ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಾಣಂತಿ ಗಾಳಿಗೆ ಬರ್ತಾರೇನೇ, ಒಳಗೆ ಹೋಗು," ಎಂದು ಗದರಿ, ನಿಂತಲ್ಲೇ ನೆಲಕ್ಕೆ ಕುಸಿದಳು.

ಕಾಫಿ ಕುಡಿದು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡ ಮೇಲೆ ನನ್ನ ಸರದಿ ಬಂತು. ವಸ್ತಾರೆಯಿಂದ ಇಲ್ಲಿಯವರೆಗೆ ಬಸ್ಸಿನಲ್ಲಿ ಅವಳು ಶೋಭಳ ಬಾಲ್ಯವನ್ನೆಲ್ಲ ನೆನೆದು ಅತ್ತು ಮುಗಿಸಿದ್ದಳು. "ಸುಖವಾಗಿದ್ದಾಗ ನಿನ್ನ ಕೈಗೇನು ಲಕ್ವ ಹೊಡ್ದಿರುತ್ತಾ?" ಎಂದಳು. "ಏನೂ ಆಗ್ದೇ ಇದ್ದಾಗ ಒಂದು ಬರಿ. ನಿನ್ನ ಅಕ್ಷರ ಕಂಡ್ರೆ ಹೆದ್ರಿಕೆ ಆಗದ ಹಾಗೆ ಮಾಡು."

ಆಯಿತು ಎಂದೆ. ಬರೆಯಲು ಕೂತಾಗ ಗೊತ್ತಾಯಿತು, ಅಷ್ಟು ಕಷ್ಟದ ಕೆಲಸ ನಾನು ಹಿಂದೆ ಮಾಡಿರಲೇ ಇಲ್ಲ. ಸಾವಿದ್ದರೆ ಅದೇ ಪೆನ್ನನ್ನು ಎಳೆದುಕೊಂಡು ಹೋಗುತ್ತದೆ. ಏನೂ ಆಗದ ದಿನದಲ್ಲಿ ಎಳೆಯುವವರು ಯಾರು? ಇಲ್ಲಿ ಏನೂ ಆಗಿಲ್ಲ ಎಂದು ಬರೆದು ಎರಡು ದಿನ ಸುಮ್ಮನೆ ಕೂತೆ. ಮೂರನೇ ದಿನ, ಕೂಸು ಎರಡು ಸಲ ಸೀನಿತು ಎಂದು ಬರೆದೆ. ಕರಿ ಕೋಳಿ ಕಾವಿಗೆ ಕೂತಿದೆ, ಶೋಭ ಸಾರಿಗೆ ಉಪ್ಪು ಸಾಲದೆಂದು ಮುನಿಸಿಕೊಂಡಳು ಎಂದು ಬರೆದೆ. ಓದಿ ನೋಡಿದರೆ ನನಗೇ ನಾಚಿಕೆ. ಇದನ್ನು ಯಾರಾದರೂ ಅಂಚೆಗೆ ಹಾಕುತ್ತಾರೆಯೇ? ಹಾಕಿದೆ.

ಮೊಮ್ಮಗಳೇ, ನನಗೆ ತಿಳಿದಿರುವುದು ಇಷ್ಟೇ. ಅಕ್ಕ ಈಗಿಲ್ಲ. ಅವಳ ಉತ್ತರಕ್ರಿಯೆಯ ಕಾಗದವನ್ನೂ ನಾನೇ ಬರೆದೆ. ಅದಕ್ಕೆ ಒಂದು ಗಳಿಗೆಯೂ ಹಿಡಿಯಲಿಲ್ಲ. ಆದರೆ ಏನೂ ಆಗದ ದಿನದ ಆ ನನ್ನ ಕಾಗದಕ್ಕೆ ಅವಳು ಸೊಸೆಯ ಕೈಲಿ ಬರೆಸಿ ಕಳಿಸಿದ್ದ ಕಾರ್ಡು ನನ್ನ ಹತ್ತಿರ ಇದೆ. ಅದರಲ್ಲಿರುವುದು ಇಷ್ಟು: "ನಿನ್ನ ಕಾಗದ ಬಂತು. ಮೂರು ಸಲ ಓದಿಸಿದೆ. ಅದರಲ್ಲಿ ಏನೂ ಇಲ್ಲ. ಇನ್ನೊಂದು ಬರಿ."