ಅತ್ತಿಗೆ ನಂಬದ ಒಂದು ಉಪವಾಸ

ನಮ್ಮ ಅತ್ತಿಗೆಗೆ ಯಾರ ಮೇಲೂ ನಂಬಿಕೆಯಿಲ್ಲ. ಹಾಲಿನ ಪಾತ್ರೆಯ ಮುಚ್ಚಳ ತುಸು ಓರೆಯಾಗಿದ್ದರೆ ಮೊದಲು ನನ್ನಣ್ಣನ ಮೀಸೆ ನೋಡುತ್ತಾರೆ, ಆಮೇಲೆ ಬೆಕ್ಕಿನದು. ಇಂಥವರಿಗೆ ಪ್ರಾಣಿಗಳ ಆಸ್ಪತ್ರೆಯಲ್ಲಿ ಹೇಳಿ ಮಾಡಿಸಿದಂಥ ಕೆಲಸ ಸಿಕ್ಕಿತು. ಆಪರೇಷನ್ನಿಗೆ ಬಂದ ಪ್ರಾಣಿ ನಿಜವಾಗಿ ಖಾಲಿ ಹೊಟ್ಟೆಯಲ್ಲಿದೆಯೇ ಎಂದು ವಿಚಾರಿಸುವ ಕೆಲಸ. ಚೀಟಿ ಬರೆಯುವ ಮೇಜಿನಲ್ಲಿ ಕೂತು ನಾನು ದಿನವೂ ಈ ತಮಾಷೆ ನೋಡುತ್ತೇನೆ.

ಹೊಟ್ಟೆ ತುಂಬಿದ ನಾಯಿಗೆ ಅರಿವಳಿಕೆ ಕೊಟ್ಟರೆ ಅದು ವಾಂತಿ ಮಾಡಿ, ಅದೇ ಉಸಿರಿಗೆ ಅಡ್ಡವಾಗಿ ಸಾಯಬಹುದು. ಎಷ್ಟು ಹೇಳಿದರೂ ಜನ ಕರುಳು ಚುರುಕ್ಕೆಂದು ಕದ್ದು ತಿನ್ನಿಸುತ್ತಾರೆ. ಇಲ್ಲಿಗೆ ಬಂದು ಏನೂ ಕೊಟ್ಟಿಲ್ಲ ಎನ್ನುತ್ತಾರೆ. ಅತ್ತಿಗೆ ನಾಯಿಯ ಬಾಯಿ ಮೂಸುತ್ತಾರೆ, ಒಡೆಯನ ಜೇಬಿನಲ್ಲಿ ಬಿಸ್ಕತ್ತಿನ ಪುಡಿ ಹುಡುಕುತ್ತಾರೆ. ಕಳೆದ ವಾರ ಒಬ್ಬ ಮೇಷ್ಟ್ರು ಆಣೆ ಇಡುತ್ತಿದ್ದಾಗಲೇ ಅವರ ನಾಯಿ ತಿಂದ ಬ್ರೆಡ್ಡನ್ನೆಲ್ಲ ಬಾಗಿಲಲ್ಲೇ ಕಕ್ಕಿತು. ಅತ್ತಿಗೆ ಅವರನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡು ವಾಪಸು ಕಳಿಸಿದರು.

ಮೂಲೆಯ ಬೆಂಚಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಅದನ್ನೆಲ್ಲ ನೋಡಿದರು. ಅವರ ಮಡಿಲ ಬುಟ್ಟಿಯಲ್ಲಿ, ಮೈಯಲ್ಲಿ ಗಡ್ಡೆಯಾಗಿದ್ದ ಮೊಲವಿತ್ತು. ಮೊಲ ವಾಂತಿ ಮಾಡುವ ಪ್ರಾಣಿಯಲ್ಲ, ಮೇವು ನಿಂತರೆ ಅದರ ಕರುಳೇ ಕೆಲಸ ನಿಲ್ಲಿಸುತ್ತದೆ, ಆಪರೇಷನ್ನಿನ ದಿನವೂ ತಿನ್ನಿಸಿ ಎಂದು ಡಾಕ್ಟರು ಅವರಿಗೆ ಬಿಡಿಸಿ ಹೇಳಿದ್ದರು.

ಆಪರೇಷನ್ನಿನ ದಿನ ಅಜ್ಜಿ ಬಂದಾಗ, ಏನಾದರೂ ತಿನ್ನಿಸಿದಿರಾ ಎಂದು ಅತ್ತಿಗೆ ಹುಬ್ಬು ಗಂಟಿಕ್ಕಿ ಕೇಳಿದರು. "ರಾತ್ರಿಯಿಂದ ಒಂದು ಎಲೇನೂ ಕೊಟ್ಟಿಲ್ಲ ತಾಯಿ" ಎಂದರು ಅಜ್ಜಿ. ಅತ್ತಿಗೆ ನನ್ನತ್ತ ಕಣ್ಣು ಮಿಟುಕಿಸಿದರು. ಎಲ್ಲರೂ ಹಾಡುವ ಹಾಡೇ ತಾನೆ! ಮೊಲ ತಿಂದಿರಲೇಬೇಕೆಂದು ಅವರಿಗೂ ಗೊತ್ತಿತ್ತು, ಅಜ್ಜಿ ಕದ್ದು ತಿನ್ನಿಸಿದ್ದು ಒಳ್ಳೆಯದೇ ಆಯಿತೆಂದುಕೊಂಡು ಒಳಗೆ ಹೋಗಿ, ಮೊಲ ಚೆನ್ನಾಗಿ ತಿಂದಿದೆ ಎಂದು ಡಾಕ್ಟರಿಗೆ ಹೇಳಿಬಿಟ್ಟರು.

ಗಡ್ಡೆ ಸಲೀಸಾಗಿ ಹೊರಬಂತು. ಮೊಲಕ್ಕೆ ಎಚ್ಚರವೂ ಆಯಿತು. ಆದರೆ ಸೊಪ್ಪು ಹಿಡಿದರೆ ಮುಖ ತಿರುಗಿಸಿತು, ಒಂದು ಹಿಕ್ಕೆಯೂ ಬೀಳಲಿಲ್ಲ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಇದು ಬೆಳಿಗ್ಗೆ ಏನೂ ತಿಂದಂತಿಲ್ಲ, ಹೀಗೇ ಇದ್ದರೆ ಉಳಿಯುವುದು ಕಷ್ಟ ಎಂದರು. ಅತ್ತಿಗೆ ಹೊರಗೆ ಬಂದು ಅಜ್ಜಿಯನ್ನೇ ಕೇಳಿದರು.

"ಡಾಕ್ಟ್ರು ಕೊಡಿ ಅಂದಿದ್ರು. ನಿನ್ನ ಬೈಗುಳಕ್ಕೆ ಹೆದರಿ ಕೊಡ್ಲಿಲ್ಲ. ಕೊಟ್ಟಿಲ್ಲ ಅಂತ ನಿಜಾನೇ ಹೇಳಿದ್ನಲ್ಲಮ್ಮ, ಯಾಕೆ ನಂಬ್ಲಿಲ್ಲ?"

ಅತ್ತಿಗೆಯ ಮುಖ ಅಷ್ಟು ಸಣ್ಣಗಾದದ್ದನ್ನು ನಾನು ಕಂಡಿರಲಿಲ್ಲ. ನನಗೇ ಪಾಪ ಎನಿಸಿತು. ಊಟಕ್ಕೂ ಏಳದೆ ಅವರು ನೆಲದ ಮೇಲೆ ಕೂತು, ಮೇವಿನ ಪುಡಿ ಕಲಸಿ, ಸೂಜಿ ತೆಗೆದ ಸಿರಿಂಜಿನಿಂದ ಮೊಲದ ಬಾಯಿಗೆ ತೊಟ್ಟುತೊಟ್ಟಾಗಿ ಬಿಟ್ಟರು. ಬೇಡಮ್ಮಾ ಎನ್ನುವಂತೆ ಅದು ತಲೆ ಕೊಡವುತ್ತಿತ್ತು. ಸಂಜೆಯ ಹೊತ್ತಿಗೆ ಹಿಕ್ಕೆ ಬಿತ್ತು. ಆಮೇಲೆ ಮೊಲ ತಾನೇ ಒಂದು ಎಲೆ ಕಚ್ಚಿ ಅಗಿಯತೊಡಗಿತು.

ಅತ್ತಿಗೆ ಬಾಗಿಲಿಗೆ ಓಡಿ ಬಂದರು. "ತಿಂತು ಅಜ್ಜಿ" ಎಂದರು.

ಅಜ್ಜಿ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ನಿಧಾನವಾಗಿ ಕನ್ನಡಕ ಹಾಕಿಕೊಂಡು ಎದ್ದರು.

"ತೋರ್ಸು. ನಾನೇ ನೋಡ್ಬೇಕು."

ಅತ್ತಿಗೆ ದಾರಿ ಬಿಟ್ಟು ನಿಂತರು. ಅಜ್ಜಿ ಬಗ್ಗಿ ಮೊಲದ ಬಾಯಿ ಮೂಸಿದರು.